ಕುಂಕುಮ ಅಂದುಕೊಂಡಿದ್ದು ತುಕ್ಕಾಗಿತ್ತು

ನನ್ನ ಗಾಡಿಯ ಮೊದಲನೇ ಚೈನನ್ನು ಕೊಂದವನು ನಾನೇ. ಅದೂ ಖಂಡೇನವಮಿ ದಿನ, ಪೂಜೆಗೆ ಅಂತ ತೊಳೆಯುವಾಗ.

ಧಾರವಾಡದಿಂದ ಪುಣೆಗೆ ಬಂದ ಹೊಸತು. ಧಾಯರಿಯಲ್ಲಿ ಬಾಡಿಗೆ ಮನೆ. ಕೆಳಗೆ ಪಾರ್ಕಿಂಗಿನಲ್ಲಿ ಕೆಎ-25 ನಂಬರಿನ ನನ್ನ 150 ಸಿಸಿ ಗಾಡಿ. ಇಲ್ಲಿಯವರು ಗಾಡಿ ಪೂಜೆ ಮಾಡುವುದು ದಸರಾ ದಿನ, ನಮ್ಮದು ಅದರ ಹಿಂದಿನ ದಿನ. ಹೀಗಾಗಿ ಇಡೀ ಪಾರ್ಕಿಂಗಿನಲ್ಲಿ ನಾನೊಬ್ಬನೇ ಬಕೆಟ್ ಇಟ್ಟುಕೊಂಡು ಕೂತಿದ್ದೆ. ಚೈನಿನ ಮೇಲೆ ಕಾಡಿಗೆಯಂಥ ಕೊಳೆ. ಒಂದು ಬಾಟಲಿ ಪೆಟ್ರೋಲು ತಂದೆ. ಗೇಟಿಗೆ ಬಣ್ಣ ಹೊಡೆಯುವವರು ಬಿಟ್ಟುಹೋಗಿದ್ದ ತಂತಿ ಬ್ರಷ್ಷು ಸಿಕ್ಕಿತು. ಅರ್ಧ ಗಂಟೆ ತಿಕ್ಕಿದೆ ನೋಡಿ, ಬೆಳ್ಳಿ ಉಡಿದಾರದ ಹಾಗೆ ಹೊಳೆಯಿತು. ಅರಿಶಿನ, ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಫೋಟೋ ತೆಗೆದು ಊರಿಗೂ ಕಳಿಸಿದೆ.

ಅದರ ಫಲ ಸಿಕ್ಕಿದ್ದು ಮುಂದಿನ ಜುಲೈಯಲ್ಲಿ. ಮಳೆ ನೋಡೋಣ ಅಂತ ತಾಮ್ಹಿಣಿ ಘಾಟಿಗೆ ಹೋಗಿದ್ದೆವು. ವಾಪಸ್ ಬರುವಾಗ ಮುಳಶಿ ದಾಟಿದ ಮೇಲೆ ಕಾಲಿನ ಹತ್ತಿರ ಟಕ್, ಟಕ್ ಅಂತ ಸದ್ದು. ಎಂಜಿನ್ನಿನದ್ದಲ್ಲ, ನಿಧಾನ ಮಾಡಿದರೆ ಸದ್ದೂ ನಿಧಾನ. ಮನೆಗೆ ಬಂದು ನಡು ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ತಿರುಗಿಸಿದೆ. ಸ್ಪ್ರಾಕೆಟ್ಟಿನಿಂದ, ಅಂದರೆ ಚೈನು ಸುತ್ತುವ ಹಲ್ಲಿನ ಚಕ್ರದಿಂದ, ಹೊರಗೆ ಬಂದ ಮೇಲೆ ಚೈನು ನೇರ ಆಗಬೇಕಲ್ವಾ? ಐದಾರು ಕೊಂಡಿಗಳು ನೇರ ಆಗುತ್ತಲೇ ಇರಲಿಲ್ಲ. ಮಂಡಿ ಹಿಡಿದ ಮುದುಕನ ಹಾಗೆ ಮಡಚಿಕೊಂಡೇ ಮುಂದೆ ಹೋಗುತ್ತಿದ್ದವು. ಬಗ್ಗಿ ಮೊಬೈಲ್ ಬೆಳಕು ಬಿಟ್ಟೆ. ಆ ಕೊಂಡಿಗಳ ಪಿನ್ನಿನ ಸುತ್ತ ಕೆಂಪು ಪುಡಿ. ಪೂಜೆಯ ಕುಂಕುಮ ಇನ್ನೂ ಉಳಿದಿದೆ ಅಂದುಕೊಂಡೆ. ಬೆರಳಿನಲ್ಲಿ ಉಜ್ಜಿದರೆ ಗರಗರ ಅಂದಿತು. ತುಕ್ಕು.

ನಮ್ಮ ಕಟ್ಟಡದ ಎರಡನೇ ಮಹಡಿಯಲ್ಲಿ ಬೆಳಗಾವಿ ಕಡೆಯ ಒಬ್ಬ ಕಾಕಾ ಇದ್ದಾರೆ. ಪಿಂಪ್ರಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವರು. ಬಾಲ್ಕನಿಯಲ್ಲಿ ತುಳಸಿ ಕುಂಡದ ಪಕ್ಕದಲ್ಲೇ ಬೆಂಚ್ ವೈಸ್ ಇಟ್ಟುಕೊಂಡಿದ್ದಾರೆ ಅಂದರೆ ಆಸಾಮಿ ಎಂಥವರು ಅಂತ ಗೊತ್ತಾಗುತ್ತೆ. ಚೈನು ಬದಲಿಸಿದ ಮೇಲೆ ಹಳೆಯದನ್ನು ಅವರಿಗೆ ತೋರಿಸಿದೆ. ಪಿನ್ನಿನ ತಲೆ ಉಜ್ಜಿ, ಎರಡು ಕೊಂಡಿ ಬಿಚ್ಚಿ ಪೇಪರಿನ ಮೇಲೆ ಇಟ್ಟರು. ಒಂದು ಚೆನ್ನಾಗಿದ್ದ ಕೊಂಡಿ, ಇನ್ನೊಂದು ಹಿಡಿದುಕೊಂಡಿದ್ದ ಕೊಂಡಿ. ಚೆನ್ನಾಗಿದ್ದುದರ ಪಿನ್ನಿಗೆ ಇನ್ನೂ ತೆಳ್ಳಗೆ ಗ್ರೀಸ್ ಅಂಟಿತ್ತು, ಪಿನ್ನು ಕನ್ನಡಿಯ ಹಾಗಿತ್ತು. ಕೆಟ್ಟದ್ದರ ಒಳಗೆ ಬರೀ ಕೆಂಪು ಹಿಟ್ಟು. ಪಿನ್ನಿನ ಮೇಲೆ ಉಗುರು ಎಳೆದು ನೋಡು ಅಂದರು. ಎಳೆದೆ. ನಡುವೆ ಉಗುರು ತಡೆಯಿತು. ಒಂದೇ ಕಡೆ ಸವೆದು ಸೊಂಟ ಮೂಡಿತ್ತು.

ಆಮೇಲೆ ಸೂಜಿ ತುದಿಯಲ್ಲಿ ಒಂದು ಸಣ್ಣ ಕಪ್ಪು ರಬ್ಬರ್ ಉಂಗುರ ಎತ್ತಿ ತೋರಿಸಿದರು. ಇದೇ ಓ-ರಿಂಗ್. ಚೈನು ತಯಾರಾಗುವಾಗಲೇ ಪಿನ್ನಿಗೂ ಅದರ ಸುತ್ತಲಿನ ಕೊಳವೆಯಂಥ ಬುಶ್ಶಿಗೂ ನಡುವೆ ಗ್ರೀಸ್ ತುಂಬಿ, ಅದು ಹೊರಗೆ ಬರದ ಹಾಗೆ ಎರಡೂ ಕಡೆ ಈ ಉಂಗುರ ಕೂರಿಸಿರುತ್ತಾರೆ. ಒಂದು ಪಿನ್ನಿಗೆ ಎರಡು ಉಂಗುರ. ಚೈನಿನಲ್ಲಿ ನೂರಕ್ಕೂ ಜಾಸ್ತಿ ಪಿನ್ನು, ಇನ್ನೂರಕ್ಕೂ ಜಾಸ್ತಿ ಉಂಗುರ. ಒಳಗಿನ ಗ್ರೀಸನ್ನು ನಾವು ಮತ್ತೆ ತುಂಬಲು ಆಗುವುದಿಲ್ಲ. ಪೆಟ್ರೋಲು ರಬ್ಬರನ್ನು ಕೆಡಿಸುತ್ತೆ, ತಂತಿ ಬ್ರಷ್ಷು ಅದನ್ನು ಹರಿಯುತ್ತೆ. ನಾನು ಎರಡನ್ನೂ ಒಟ್ಟಿಗೆ ಮಾಡಿದ್ದೆ. “ತೊಳೀಲಾರದ ಬಿಟ್ಟಿದ್ರ ಇನ್ನೊಂದ್ ವರ್ಷ ಬರ್ತಿತ್ತಪಾ” ಅಂದರು ಕಾಕಾ, ಸುಮ್ನೆ ನಕ್ಕೊಂಡು.

ಚೈನು ಉದ್ದ ಆಯಿತು, ಹಿಗ್ಗಿತು ಅಂತೀವಲ್ಲ, ಅದೂ ಹೀಗೇ. ಕಬ್ಬಿಣದ ಪಟ್ಟಿ ರಬ್ಬರಿನ ಹಾಗೆ ಹಿಗ್ಗುವುದಿಲ್ಲ. ಒಂದೊಂದು ಪಿನ್ನಿನ ಹತ್ತಿರ ಸವೆದು ಸಂದು ಬೀಳುತ್ತೆ. 0.1 ಮಿಲಿಮೀಟರ್ ಸಂದು ಬಿದ್ದರೂ 120 ಕೊಂಡಿಗೆ 12 ಮಿಲಿಮೀಟರ್ ಆಯಿತು. ಚೈನಿನ ಮೇಲೆ 428 ಅಂತ ಅಚ್ಚೊತ್ತಿದ್ದರೆ ಮೊದಲ ಅಂಕಿ 4, ಅಂದರೆ ಒಂದು ಪಿನ್ನಿನಿಂದ ಇನ್ನೊಂದಕ್ಕೆ ಇಂಚಿನ ಎಂಟು ಭಾಗದಲ್ಲಿ ನಾಲ್ಕು, 12.7 ಮಿಲಿಮೀಟರ್. 520 ಇದ್ದರೆ ಎಂಟು ಭಾಗದಲ್ಲಿ ಐದು. ಸ್ಪ್ರಾಕೆಟ್ಟಿನ ಹಲ್ಲುಗಳ ಅಂತರವೂ ಅಷ್ಟೇ. ಚೈನು ಸವೆದಾಗ ಈ ಲೆಕ್ಕ ತಪ್ಪುತ್ತೆ, ಕೊಂಡಿಯ ನಡುವಿನ ಉರುಳೆ, ಅಂದರೆ ರೋಲರು, ಹಲ್ಲಿನ ಬುಡದಲ್ಲಿ ಕೂರದೆ ಮೇಲಕ್ಕೆ ಏರುತ್ತೆ, ಹಲ್ಲು ಕೊಕ್ಕೆಯ ಹಾಗೆ ಬಾಗುತ್ತೆ. ಅದಕ್ಕೇ ಚೈನು ಒಂದನ್ನೇ ಬದಲಿಸಬಾರದು. ಗಾಡಿಯ ಬಿಡಿಭಾಗ ಸಿಗುವ ಪುಣೆಯ ನಾನಾ ಪೇಠಕ್ಕೆ ಹೋಗಿ ಎರಡೂ ಸ್ಪ್ರಾಕೆಟ್ ಸೇರಿ ಪೂರ್ತಿ ಚೈನ್ ಸೆಟ್ ತಂದೆ. ಜೇಬಿಗೆ ಬಿದ್ದ ಪೆಟ್ಟು ನೆನಪಿನಲ್ಲಿ ಉಳಿಯುತ್ತೆ ನೋಡಿ.

ಈಗ ನಾನು ಮಾಡುವ ರೀತಿ ಬೇರೆ.

ಪೆಟ್ರೋಲಿನ ಬದಲು ಸೀಮೆಎಣ್ಣೆ. ನಮ್ಮ ಕಡೆ ಚಿಮಣಿ ಎಣ್ಣೆ, ಇಲ್ಲಿಯ ಹಳಬರ ಬಾಯಲ್ಲಿ ರಾಕೇಲ್. ನಾನು ಅಂಗಡಿಯಲ್ಲಿ ಕೆರೋಸಿನ್ ಕೇಳಿದಾಗ ಇಲ್ಲ ಅಂದವರು, ಕಾಕಾ ರಾಕೇಲ್ ಅಂದ ಕೂಡಲೇ ಒಳಗಿನಿಂದ ಬಾಟಲಿ ತಂದರು. ರೇಷನ್ನಿನ ನೀಲಿ ಎಣ್ಣೆ ಅಲ್ಲ, ಬಿಳಿಯದು. ಇದು ಕೊಳೆಯನ್ನು ಕರಗಿಸುತ್ತೆ, ಓ-ರಿಂಗಿನ ತಂಟೆಗೆ ಹೋಗುವುದಿಲ್ಲ. ಹಾಗಂತ ಚೈನನ್ನು ಅದರಲ್ಲಿ ಗಂಟೆಗಟ್ಟಲೆ ನೆನೆಸುವುದು ಬೇಡ. ಒಂದು ಬಟ್ಟಲಿಗೆ ನೂರು ಎಂಎಲ್ ಹಾಕಿಕೊಳ್ಳುತ್ತೇನೆ, ಹಳೆ ಟೂತ್ ಬ್ರಷ್ ಅದ್ದಿ ಹಚ್ಚುತ್ತೇನೆ. ಒಂದು ಬಾರಿಗೆ ಒಂದು ಗೇಣು ಚೈನು. ಟೈರಿಗೆ ಸಿಡಿಯದ ಹಾಗೆ ಚೈನಿನ ಹಿಂದೆ ರಟ್ಟು ಹಿಡಿಯಬೇಕು. ಟೈರಿಗೆ ಎಣ್ಣೆ ತಾಗಿದರೆ ಮೊದಲ ತಿರುವಿನಲ್ಲೇ ನೆಲ ತೋರಿಸುತ್ತೆ. ಐದು ನಿಮಿಷ ಬಿಟ್ಟು ಹಳೆ ಬನಿಯನ್ ತುಂಡಿನಿಂದ ಒರೆಸಿ, ಪೂರ್ತಿ ಆರಲು ಬಿಡುತ್ತೇನೆ. ಹೊಳಪು ಬರಲೇಬೇಕು ಅಂತ ಹಟ ಇಲ್ಲ. ಕೊಂಡಿ ಕೊಂಡಿ ಬೇರೆಬೇರೆಯಾಗಿ ಕಂಡರೆ ಸಾಕು.

ಬನಿಯನ್ ಅಂದ ಕೂಡಲೇ ಒಂದು ನೆನಪು. ಕೈಯಿಂದ ಚಕ್ರ ತಿರುಗಿಸುವುದು ಬೇಜಾರು ಅಂತ ಒಂದು ಸಲ ಎಂಜಿನ್ ಚಾಲೂ ಮಾಡಿ, ಫಸ್ಟ್ ಗೇರಿಗೆ ಹಾಕಿ, ಚೈನಿಗೆ ಬಟ್ಟೆ ಹಿಡಿದಿದ್ದೆ. ಚಕ್ರ ಆರಾಮಾಗಿ ತಿರುಗುತ್ತಿತ್ತು, ನಾನು ಹಾಡು ಗುನುಗುತ್ತಿದ್ದೆ. ಬನಿಯನ್ನಿನ ಒಂದು ಎಳೆ ಸ್ಪ್ರಾಕೆಟ್ಟಿಗೆ ಸಿಕ್ಕಿತು. ಕೈ ಬಿಡಬೇಕು ಅಂತ ತಲೆಗೆ ಹೊಳೆಯುವುದರೊಳಗೆ ಇಡೀ ತುಂಡು ಒಳಗೆ ಹೋಗಿ ಎಂಜಿನ್ ಆಫ್ ಆಯಿತು. ಬೆರಳು ಎಣಿಸಿಕೊಂಡೆ. ಹತ್ತು ಇದ್ದವು. ಅವತ್ತಿನಿಂದ ಈ ಕೆಲಸ ಮಾಡುವಾಗ ಕೀ ಜೇಬಿನಲ್ಲಿ, ಗಾಡಿ ನ್ಯೂಟ್ರಲ್‌ನಲ್ಲಿ. ಚಕ್ರವನ್ನು ಕೈಯಿಂದಲೇ, ಅದೂ ಹಿಂದಕ್ಕೆ ತಿರುಗಿಸುತ್ತೇನೆ. ಹಿಂದಕ್ಕೆ ಯಾಕೆ ಅಂದರೆ, ಆಗ ಕೆಳಗಿನ ಚೈನು ಹಿಂದಿನ ಸ್ಪ್ರಾಕೆಟ್ಟಿನಿಂದ ಹೊರಗೆ ಬರುತ್ತೆ. ಅಲ್ಲಿ ಹಿಡಿದ ಬಟ್ಟೆ ಹಲ್ಲಿನೊಳಗೆ ಹೋಗುವುದಿಲ್ಲ.

ಇನ್ನು ಎಣ್ಣೆ. ನನ್ನ ಅಜ್ಜ ಚಕ್ಕಡಿ ಹೂಡುವ ಮುಂಚೆ ಅಚ್ಚಿಗೆ ಕೀಲೆಣ್ಣೆ ಹಚ್ಚುತ್ತಿದ್ದುದು ನೆನಪಿದೆ, ಕಪ್ಪಗೆ, ದಪ್ಪಗೆ. ಅದೇ ತಲೆಯಲ್ಲಿಟ್ಟುಕೊಂಡು ನಾನೂ ಮೊದಮೊದಲು ಚೈನಿಗೆ ಸುರಿದದ್ದೇ ಸುರಿದದ್ದು. ಒಬ್ಬರು ಎಂಜಿನ್ನಿನಿಂದ ತೆಗೆದ ಸುಟ್ಟ ಆಯಿಲ್ ಹಾಕು ಅಂದರು, ಅದನ್ನೂ ಹಾಕಿದ್ದೆ. ಆ ಆಯಿಲಿನಲ್ಲಿ ಇರುವುದೇ ಎಂಜಿನ್ನಿನ ಕೊಳೆ. ಜಾಸ್ತಿಯಾದ ಎಣ್ಣೆ ಚೈನಿನಲ್ಲಿ ನಿಲ್ಲುವುದೂ ಇಲ್ಲ. ರಿಮ್ಮಿಗೆ, ನಂಬರ್ ಪ್ಲೇಟಿಗೆ, ಹಿಂದೆ ಕೂತವರ ಸೀರೆಗೆ ಹಾರುತ್ತೆ. ಉಳಿದದ್ದಕ್ಕೆ ಸಿಂಹಗಡ ರಸ್ತೆಯ ಧೂಳು ಸೇರಿ ಉಜ್ಜುಕಾಗದ ತಯಾರು.

ಈಗ 90 ನಂಬರಿನ ಗೇರ್ ಆಯಿಲ್ ಹಾಕುತ್ತೇನೆ, ಮಳೆಗಾಲದಲ್ಲಿ ಮಾತ್ರ ಚೈನಿಗೆಂದೇ ಬರುವ ಸ್ಪ್ರೇ. ಸ್ಪ್ರೇ ಗಟ್ಟಿಯಾಗಿ ಅಂಟುತ್ತೆ, ನೀರಿಗೆ ಬೇಗ ಹೋಗುವುದಿಲ್ಲ. ಎರಡರಲ್ಲಿ ಯಾವುದು ಮೇಲು ಅಂತ ಗೆಳೆಯರು ಚಹಾ ಆರುವವರೆಗೂ ಜಗಳ ಆಡುತ್ತಾರೆ. ನನ್ನ ಮಟ್ಟಿಗೆ ಯಾವುದಾದರೂ ಆದೀತು, ಹಾಕುವ ಜಾಗ ಮತ್ತು ಹೊತ್ತು ಸರಿ ಇರಬೇಕು. ಜಾಗ ಅಂದರೆ ಕೆಳಗಿನ ಚೈನಿನ ಒಳಮೈ, ಸ್ಪ್ರಾಕೆಟ್ಟಿನ ಹಲ್ಲಿಗೆ ಕೂರುವ ಮೈ. ಗಾಡಿ ಓಡುವಾಗ ಎಣ್ಣೆ ಹೊರಗೆ ಎಸೆಯಲ್ಪಡುತ್ತೆ, ಹಾಗೆ ಹೋಗುವಾಗ ಕೊಂಡಿಯ ಒಳಗಿನಿಂದ ದಾಟಿಯೇ ಹೋಗಬೇಕು. ಎರಡೂ ಕಡೆ ಪಟ್ಟಿಗಳ ಸಂದಿಗೆ ಒಂದೊಂದು ಸುತ್ತು, ನಡುವೆ ರೋಲರಿಗೆ ಒಂದು ಸುತ್ತು. ಹೊತ್ತು ಅಂದರೆ ಗಾಡಿ ಓಡಿಸಿ ಬಂದ ಮೇಲೆ, ಚೈನು ಬೆಚ್ಚಗಿರುವಾಗ. ನಾನು ಶನಿವಾರ ರಾತ್ರಿ ಹಾಕಿ ಬಿಡುತ್ತೇನೆ. ಭಾನುವಾರ ಬೆಳಿಗ್ಗೆ ಒಣ ಬಟ್ಟೆಯಿಂದ ಮೇಲಿನದ್ದನ್ನು ಒರೆಸುತ್ತೇನೆ. ಒರೆಸಿದರೆ ಹಾಕಿದ್ದು ದಂಡ ಅಲ್ವಾ ಅಂತ ಹೆಂಡತಿ ಕೇಳಿದಳು. ಹೊರಗೆ ಉಳಿದದ್ದು ಧೂಳು ಹಿಡಿಯುವುದಕ್ಕೆ ಬಿಟ್ಟರೆ ಇನ್ಯಾವುದಕ್ಕೂ ಬರುವುದಿಲ್ಲ.

500 ಕಿಲೋಮೀಟರಿಗೆ ಒಮ್ಮೆ ಎಣ್ಣೆ, ಎರಡು ಎಣ್ಣೆಗೆ ಒಂದು ಸಲ ಸೀಮೆಎಣ್ಣೆ. ದೊಡ್ಡ ಮಳೆಯಲ್ಲಿ ನೆನೆದು ಬಂದರೆ ಲೆಕ್ಕ ನೋಡದೆ ಅವತ್ತೇ ಎಣ್ಣೆ. ವಾಷಿಂಗ್ ಸೆಂಟರಿನಲ್ಲಿ ಜೋರು ನೀರಿನ ಪೈಪನ್ನು ಚೈನಿಗೆ ಹಿಡಿಯಲು ಬಿಡುವುದಿಲ್ಲ.

ಬಿಗಿಯ ವಿಷಯದಲ್ಲೂ ಒಂದು ಏಟು ತಿಂದಿದ್ದೇನೆ. ದೀಪಾವಳಿಗೆ ಊರಿಗೆ ಹೊರಡುವ ಹಿಂದಿನ ದಿನ ಒಬ್ಬ ಮೆಕ್ಯಾನಿಕ್ ಹತ್ತಿರ ಚೈನು ತೋರಿಸಿದೆ. ಧಾರವಾಡಕ್ಕೆ 400 ಕಿಲೋಮೀಟರಿಗೂ ಜಾಸ್ತಿ ದೂರ, ಹಿಂದೆ ಹೆಂಡತಿ, ಎರಡೂ ಕಡೆ ಬ್ಯಾಗು. “ಏಕದಮ್ ಟಾಯಿಟ್ ಕೇಲಿಯೆ, ಆತಾ ಟೆನ್ಶನ್ ನಾಹಿ” ಅಂದ, ಪೂರ್ತಿ ಬಿಗಿ ಮಾಡಿದ್ದೇನೆ, ಇನ್ನು ಟೆನ್ಶನ್ ಇಲ್ಲ ಅಂತ. ಟೆನ್ಶನ್ ಎಲ್ಲಾ ಚೈನಿನಲ್ಲೇ ಇತ್ತು. ಶಿರವಳ ಬರುವ ಹೊತ್ತಿಗೆ ಕುಂಯ್ ಅಂತ ರಾಗ. ನಿಲ್ಲಿಸಿ, ಇಬ್ಬರೂ ಕೂತಿದ್ದಾಗಲೇ ಬೆರಳಿನಿಂದ ಒತ್ತಿದರೆ ಏಕತಾರಿ ತಂತಿ. ಖಂಬಾಟಕಿ ಘಾಟ್ ಇನ್ನೂ ಮುಂದಿತ್ತು. ಗಾಡಿ ಸ್ಟ್ಯಾಂಡಿನ ಮೇಲಿದ್ದಾಗ ಸಡಿಲ ಕಂಡ ಚೈನು, ಭಾರ ಬಿದ್ದು ಹಿಂದಿನ ಚಕ್ರ ಮೇಲಕ್ಕೆ ಬಂದಾಗ ಬಿಗಿಯಾಗುತ್ತೆ. ಸಡಿಲವೇ ಇಲ್ಲದಿದ್ದರೆ ಆ ಎಳೆತ ಎಲ್ಲಾ ಗೇರ್ ಬಾಕ್ಸಿನ ಬೇರಿಂಗಿಗೆ. ಪಂಕ್ಚರ್ ಅಂಗಡಿಯಲ್ಲಿ ಪಾನಾ ಕೇಳಿ ಇಸಿದುಕೊಂಡು ಸಡಿಲ ಮಾಡಿದೆ.

ಚೈನು ಎಷ್ಟು ಸಡಿಲ ಇರಬೇಕು ಅನ್ನುವುದಕ್ಕೆ ನನ್ನ ಗಾಡಿಯ ಸ್ಟಿಕ್ಕರಿನಲ್ಲಿ 25ರಿಂದ 35 ಮಿಲಿಮೀಟರ್ ಅಂತಿದೆ. ನಿಮ್ಮದರಲ್ಲಿ ಬೇರೆ ಇರಬಹುದು, ಅದನ್ನೇ ನಂಬಿ. ಕೆಳಗಿನ ಚೈನಿನ ನಟ್ಟ ನಡುವೆ ಸ್ಕೇಲು ಇಟ್ಟು, ಮೇಲಕ್ಕೆ ಕೆಳಕ್ಕೆ ಎಷ್ಟು ಆಡುತ್ತೆ ನೋಡಬೇಕು. ಒಂದೇ ಕಡೆ ನೋಡಿದರೆ ಮೋಸ. ಚಕ್ರ ತಿರುಗಿಸಿ ನಾಲ್ಕೈದು ಕಡೆ ನೋಡಿ, ಎಲ್ಲಿ ಜಾಸ್ತಿ ಬಿಗಿಯೋ ಅಲ್ಲಿಯ ಅಳತೆ ಹಿಡಿಯಬೇಕು. ಆಮೇಲೆ ಎರಡೂ ಕಡೆಯ ನಟ್ಟು ಸಮವಾಗಿ, ಕಾಲು ಸುತ್ತು, ಕಾಲು ಸುತ್ತು. ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮಿನ ಗೆರೆಗಳು ಎರಡೂ ಕಡೆ ಒಂದೇ ಇರಬೇಕು. ಹಿಂದೆ ಡ್ರಮ್ ಬ್ರೇಕ್ ಇದ್ದವರು ಇನ್ನೊಂದು ನೋಡಿ: ಚಕ್ರ ಹಿಂದೆ ಸರಿದಾಗ ಬ್ರೇಕಿನ ಸಲಾಕೆಯೂ ಬಿಗಿಯಾಗುತ್ತೆ. ನಾನು ಅದನ್ನು ಮರೆತು, ಬ್ರೇಕ್ ಹಿಡಿದುಕೊಂಡ ಚಕ್ರದಲ್ಲೇ ಸ್ವಾರಗೇಟ್‌ವರೆಗೆ ಹೋಗಿದ್ದೆ. ಡ್ರಮ್ಮು ಮುಟ್ಟಿದರೆ ರೊಟ್ಟಿ ಹಂಚು.

ಕೊಳೆಯಾದ ಸೀಮೆಎಣ್ಣೆಯನ್ನು ಗಟಾರಕ್ಕೆ ಸುರಿಯುವುದಿಲ್ಲ. ಬಾಟಲಿಯಲ್ಲಿ ಎರಡು ದಿನ ಇಟ್ಟರೆ ಮಣ್ಣು ತಳಕ್ಕೆ ಕೂರುತ್ತೆ, ಮೇಲಿನ ತಿಳಿ ಮುಂದಿನ ಸಲಕ್ಕೆ ಆಗುತ್ತೆ. ನೆಲದ ಮೇಲಿನ ಕಲೆ ಬಗ್ಗೆ ಸೊಸೈಟಿಯಲ್ಲಿ ಒಂದು ನೋಟಿಸೇ ಅಂಟಿತ್ತು. ಹೆಸರಿರಲಿಲ್ಲ, ಆದರೂ ಎಲ್ಲರೂ ನನ್ನನ್ನೇ ನೋಡಿದರು. ಈಗ ಫ್ರಿಜ್ಜಿನ ಡಬ್ಬದ ರಟ್ಟು ಹಾಸಿಕೊಂಡೇ ಕೂರುತ್ತೇನೆ.

ಈ ಚೈನು 19,000 ಕಿಲೋಮೀಟರ್ ದಾಟಿದೆ. ಹಿಂದಿನ ಸ್ಪ್ರಾಕೆಟ್ಟಿನಿಂದ ಎಳೆದು ನೋಡಿದರೆ ಹಲ್ಲಿನಿಂದ ಮೇಲೆ ಏಳುವುದಿಲ್ಲ. ಆದರೆ ಹೋದ ವಾರ ಒಂದು ಕಡೆ ಉಳಿದ ಕಡೆಗಿಂತ 6 ಮಿಲಿಮೀಟರ್ ಬಿಗಿ ಸಿಕ್ಕಿತು. ಆ ಕೊಂಡಿಗೆ ಸುಣ್ಣದ ಚುಕ್ಕೆ ಇಟ್ಟಿದ್ದೇನೆ. ನಾನಾ ಪೇಠಕ್ಕೆ ಈಗಲೇ ಹೋಗಬೇಕೋ, ದೀಪಾವಳಿವರೆಗೆ ತಳ್ಳಬಹುದೋ, ಕಾಕಾ ನೋಡಿ ಹೇಳಬೇಕು. ಅವರು ಮಗಳ ಮನೆಗೆ ಬೆಳಗಾವಿಗೆ ಹೋಗಿದ್ದಾರೆ, ಭಾನುವಾರ ಬರುತ್ತಾರೆ.