ಇಳಿಜಾರಿನಲ್ಲಿ ಕಾರನ್ನು ನ್ಯೂಟ್ರಲ್‌ಗೆ ಹಾಕಿದರೆ ಪೆಟ್ರೋಲ್ ಉಳಿಯುತ್ತದೆಯೇ?

ಶಿರಾಡಿ, ಚಾರ್ಮಾಡಿ, ಆಗುಂಬೆಯಂಥ ಘಾಟಿಗಳನ್ನು ಇಳಿಯುವಾಗ ಗೇರನ್ನು ನ್ಯೂಟ್ರಲ್‌ಗೆ ತಂದು, ಬರೀ ಬ್ರೇಕಿನ ಮೇಲೆ ಕಾರನ್ನು ಬಿಡುವ ಅಭ್ಯಾಸ ಇಂದಿಗೂ ಅನೇಕರಲ್ಲಿದೆ. ಕಾರು ತನ್ನ ಭಾರಕ್ಕೇ ಉರುಳುತ್ತಿರುವಾಗ ಎಂಜಿನ್ನಿಗೆ ಕೆಲಸವಿಲ್ಲ, ಕೆಲಸವಿಲ್ಲದ ಎಂಜಿನ್ ಕಡಿಮೆ ಕುಡಿಯುತ್ತದೆ ಎಂಬುದು ಇದರ ಹಿಂದಿರುವ ತರ್ಕ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಈ ಮಾತಿನಲ್ಲಿ ಹುರುಳಿತ್ತು. ಪೆಟ್ರೋಲನ್ನು ಗಾಳಿಯೊಡನೆ ಬೆರೆಸಿ ಎಂಜಿನ್ನಿಗೆ ಕೊಡುತ್ತಿದ್ದ ಕಾರ್ಬ್ಯುರೇಟರ್‌ಗೆ ಕಾರು ಇಳಿಯುತ್ತಿದೆಯೋ ಏರುತ್ತಿದೆಯೋ ತಿಳಿಯುವ ಉಪಾಯವಿರಲಿಲ್ಲ. ಆಕ್ಸಿಲರೇಟರ್ ಬಿಟ್ಟರೂ, ಗೇರಿನಲ್ಲಿ ವೇಗವಾಗಿ ತಿರುಗುತ್ತಿರುವ ಎಂಜಿನ್ ತನ್ನ ಸೆಳೆತದಿಂದಲೇ ಐಡಲ್ ಜೆಟ್ ಎಂಬ ಸಣ್ಣ ರಂಧ್ರದ ಮೂಲಕ ಪೆಟ್ರೋಲನ್ನು ಎಳೆದುಕೊಳ್ಳುತ್ತಿತ್ತು. ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ನಿನ ಸುತ್ತು ಇಳಿದು, ಆ ಎಳೆತವೂ ಇಳಿಯುತ್ತಿತ್ತು. ಆಗ ಕಲಿತವರು ಮಕ್ಕಳಿಗೆ ಕಲಿಸಿದರು. ಕಾರು ಬದಲಾಯಿತು, ಪಾಠ ಮಾತ್ರ ಹಾಗೆಯೇ ಉಳಿಯಿತು.

ಇಂದು ರಸ್ತೆಯಲ್ಲಿರುವ ಪೆಟ್ರೋಲ್ ಕಾರುಗಳಲ್ಲಿ ಬಹುಪಾಲು ಎಲ್ಲದರಲ್ಲೂ ಇಂಧನವನ್ನು ಇಂಜೆಕ್ಟರ್‌ಗಳು ಅಳೆದು ಚಿಮ್ಮಿಸುತ್ತವೆ, ಎಷ್ಟು ಚಿಮ್ಮಿಸಬೇಕೆಂಬುದನ್ನು ಇಸಿಯು ಎಂಬ ಕಂಪ್ಯೂಟರ್ ತೀರ್ಮಾನಿಸುತ್ತದೆ. ಕಾರು ಗೇರಿನಲ್ಲಿದ್ದು, ಕಾಲು ಆಕ್ಸಿಲರೇಟರ್‌ನಿಂದ ಪೂರ್ತಿ ಮೇಲೆದ್ದು, ಎಂಜಿನ್ ಒಂದು ಮಿತಿಗಿಂತ ಹೆಚ್ಚು ವೇಗವಾಗಿ ತಿರುಗುತ್ತಿದ್ದರೆ, ಎಂಜಿನ್ನನ್ನು ಈಗ ಚಕ್ರಗಳೇ ತಿರುಗಿಸುತ್ತಿವೆ ಎಂದು ಅರಿತ ಇಸಿಯು ಇಂಜೆಕ್ಟರ್‌ಗಳನ್ನು ಮುಚ್ಚಿಬಿಡುತ್ತದೆ. ಕಡಿಮೆ ಮಾಡುವುದಲ್ಲ, ಪೂರ್ತಿ ನಿಲ್ಲಿಸುತ್ತದೆ. ಈ ಮಿತಿ ಕಾರಿನಿಂದ ಕಾರಿಗೆ ಬೇರೆಯಾದರೂ ಸಾಮಾನ್ಯವಾಗಿ 1,200ರಿಂದ 2,000 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಆಸುಪಾಸಿನಲ್ಲಿರುತ್ತದೆ. ಸುತ್ತು ಅದಕ್ಕಿಂತ ಕೆಳಗಿಳಿದಾಗ ಎಂಜಿನ್ ಆರಿಹೋಗದಂತೆ ಇಂಧನ ಮತ್ತೆ ಹರಿಯತೊಡಗುತ್ತದೆ. ನ್ಯೂಟ್ರಲ್‌ನಲ್ಲಿ ಈ ಅನುಕೂಲ ಸಿಗುವುದಿಲ್ಲ, ಏಕೆಂದರೆ ಚಕ್ರಗಳ ಸಂಬಂಧ ಕಡಿದುಹೋದ ಎಂಜಿನ್ ತಿರುಗುತ್ತಿರಬೇಕಾದರೆ ಅದಕ್ಕೆ ಪೆಟ್ರೋಲ್ ಬೇಕೇ ಬೇಕು. ಏಸಿ ಹಾಕಿದ್ದರೆ ಕಂಪ್ರೆಸರನ್ನು ಎಳೆಯುವುದಕ್ಕೂ ಅದೇ ಪೆಟ್ರೋಲ್ ಉರಿಯಬೇಕು, ಗೇರಿನಲ್ಲಿದ್ದಾಗಲಾದರೆ ಆ ಕೆಲಸವನ್ನು ಇಳಿಜಾರೇ ಮಾಡಿಕೊಡುತ್ತದೆ. ಕ್ಲಚ್ ಒತ್ತಿಹಿಡಿದು ಇಳಿಯುವುದೂ ನ್ಯೂಟ್ರಲ್‌ಗೆ ಸಮನೇ. ಜೊತೆಗೆ ಕ್ಲಚ್ ಬೇರಿಂಗ್ ಸವೆಯುತ್ತದೆ. ಡೀಸೆಲ್ ಕಾರುಗಳಲ್ಲೂ ಆಕ್ಸಿಲರೇಟರ್ ಬಿಟ್ಟು ಗೇರಿನಲ್ಲಿ ಇಳಿಯುವಾಗ ಇಂಧನ ನಿಲ್ಲುತ್ತದೆ.

ಲೆಕ್ಕ ಹಾಕಿ ನೋಡಬಹುದು. ಸಣ್ಣ ಪೆಟ್ರೋಲ್ ಕಾರೊಂದು ನಿಂತಲ್ಲೇ ಓಡುತ್ತಿರುವಾಗ ಗಂಟೆಗೆ ಸುಮಾರು 0.7 ಲೀಟರ್ ಕುಡಿಯುತ್ತದೆ ಎಂದಿಟ್ಟುಕೊಂಡರೆ, ಅರ್ಧ ಗಂಟೆಯ ಘಾಟಿ ಇಳಿತಕ್ಕೆ ನ್ಯೂಟ್ರಲ್‌ನಲ್ಲಿ 350 ಮಿಲಿಲೀಟರ್ ಖರ್ಚಾಗುತ್ತದೆ. ಲೀಟರಿಗೆ 100 ರೂಪಾಯಿಯಂತೆ ಅದು 35 ರೂಪಾಯಿ. ಅದೇ ದಾರಿಯನ್ನು ಗೇರಿನಲ್ಲಿ ಇಳಿದರೆ, ನಡುವೆ ಸಿಗುವ ಸಮತಟ್ಟಿನ ತುಣುಕುಗಳಲ್ಲಿ ಆಕ್ಸಿಲರೇಟರ್ ಒತ್ತುವಷ್ಟನ್ನು ಬಿಟ್ಟರೆ ಖರ್ಚು ಸೊನ್ನೆಯ ಹತ್ತಿರವಿರುತ್ತದೆ. ಮೂವತ್ತೈದು ರೂಪಾಯಿ ದೊಡ್ಡ ಮೊತ್ತವೇನಲ್ಲ ನಿಜ, ಆದರೆ ಉಳಿಸುತ್ತಿದ್ದೇವೆಂದು ತಿಳಿದು ಕಳೆಯುತ್ತಿರುವ ಮೊತ್ತ ಅದು.

ಹಾಗೆಂದು ನ್ಯೂಟ್ರಲ್‌ನಲ್ಲಿ ಎಲ್ಲಿಯೂ ಲಾಭವೇ ಇಲ್ಲ ಎಂದರೆ ಅದೂ ಪೂರ್ತಿ ಸತ್ಯವಲ್ಲ. ಇಳಿಜಾರಿನ ಓರೆ ಬಹಳ ಕಡಿಮೆಯಿದ್ದು, ಗೇರಿನಲ್ಲಿ ಕಾಲು ತೆಗೆದರೆ ಎಂಜಿನ್ನಿನ ಹಿಡಿತಕ್ಕೆ ಕಾರು ನಿಧಾನವಾಗುತ್ತದೆ, ನ್ಯೂಟ್ರಲ್‌ನಲ್ಲಾದರೆ ಅದೇ ವೇಗದಲ್ಲಿ ಸಾಗುತ್ತದೆ ಎನ್ನುವಂಥ ಜಾಗದಲ್ಲಿ ನ್ಯೂಟ್ರಲ್ ತುಸು ಮುಂದಿರುತ್ತದೆ. ಗೇರಿನಲ್ಲಿ ಇಂಧನ ನಿಂತರೂ, ಕಳೆದುಕೊಂಡ ವೇಗವನ್ನು ಮರಳಿ ಪಡೆಯಲು ಮತ್ತೆ ಆಕ್ಸಿಲರೇಟರ್ ಒತ್ತಲೇಬೇಕಾಗುತ್ತದೆ. ಕೆಲವು ಆಟೋಮ್ಯಾಟಿಕ್ ಕಾರುಗಳ ಇಕೋ ಮೋಡ್‌ನಲ್ಲಿ ಎಂಜಿನ್ನನ್ನು ಚಕ್ರಗಳಿಂದ ತಾನಾಗಿ ಬಿಡಿಸುವ ಏರ್ಪಾಡನ್ನು ತಯಾರಕರೇ ಕೊಟ್ಟಿರುವುದು ಈ ಕಾರಣಕ್ಕೆ. ಆದರೆ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ 2 ಕಿಲೋಮೀಟರ್ ಇಳಿಜಾರು ಎರಡೇ ನಿಮಿಷದ ದಾರಿ. ಅಲ್ಲಿ ಉಳಿಯುವುದು ಹೆಚ್ಚೆಂದರೆ ಒಂದೆರಡು ರೂಪಾಯಿಯ ಇಂಧನ. ಆ ಏರ್ಪಾಡಿನಲ್ಲಿ ಬ್ರೇಕ್ ಮುಟ್ಟಿದ ಕ್ಷಣವೇ ಕಂಪ್ಯೂಟರ್ ಗೇರನ್ನು ಮತ್ತೆ ಜೋಡಿಸುತ್ತದೆ, ಕೈಯಲ್ಲಿ ಗೇರ್ ಹಾಕುವವರಿಗೆ ಆ ಚುರುಕು ಸಾಧ್ಯವಿಲ್ಲ. ಆದ್ದರಿಂದ ಪಾಲಿಸಲು ಸುಲಭವಾದ ಕಟ್ಟಳೆಯೊಂದನ್ನು ಇಟ್ಟುಕೊಳ್ಳಬಹುದು: ಈ ಇಳಿಜಾರಿನಲ್ಲಿ ಬ್ರೇಕ್ ಒತ್ತಬೇಕಾದೀತು ಎನ್ನಿಸಿದರೆ ಗೇರಿನಲ್ಲೇ ಇರಬೇಕು. ಬ್ರೇಕ್ ಬೇಕಾಗುವ ಕಡೆ ಕಾರಿನಲ್ಲಿ ಶಕ್ತಿ ಹೆಚ್ಚಾಗಿದೆ ಎಂದರ್ಥ. ಹೆಚ್ಚಾದದ್ದನ್ನು ಉಳಿಸಿಕೊಳ್ಳಲು ಪೆಟ್ರೋಲ್ ಸುಡುವುದರಲ್ಲಿ ಅರ್ಥವಿಲ್ಲ.

ಘಾಟಿಯಲ್ಲಿ ಈ ಹೆಚ್ಚುವರಿ ಶಕ್ತಿ ಎಷ್ಟೆಂಬುದನ್ನು ಬಹಳ ಜನ ಊಹಿಸಿರುವುದಿಲ್ಲ. ಒಂದು ಟನ್ ತೂಗುವ ಕಾರು 500 ಮೀಟರ್ ಎತ್ತರದಿಂದ ಕೆಳಗಿಳಿದಾಗ ಬಿಡುಗಡೆಯಾಗುವ ಶಕ್ತಿಯೆಲ್ಲ ಶಾಖವಾದರೆ, ಹದಿನೈದು ಲೀಟರ್ ತಣ್ಣೀರಿನ ಹಂಡೆಯೊಂದು ಕುದಿಯತೊಡಗುತ್ತದೆ. ಗಾಳಿಯ ತಡೆ ಮತ್ತು ಟೈರುಗಳ ಘರ್ಷಣೆ ಒಂದಿಷ್ಟನ್ನು ನುಂಗುತ್ತವೆ. ನ್ಯೂಟ್ರಲ್‌ನಲ್ಲಿ ಇಳಿದರೆ ಉಳಿದದ್ದೆಲ್ಲ ನಾಲ್ಕು ಚಕ್ರಗಳ ಬ್ರೇಕುಗಳಿಗೇ ಹೋಗಬೇಕು. ಕಾದ ಬ್ರೇಕ್ ಪ್ಯಾಡ್‌ಗಳು ಹಿಡಿತ ಕಳೆದುಕೊಳ್ಳುತ್ತವೆ. ಅದಕ್ಕಿಂತ ಅಪಾಯಕರವಾದದ್ದು ಬ್ರೇಕ್ ಆಯಿಲ್ ಕುದಿಯುವುದು: ಡಾಟ್ 4 ಎಂಬ ದರ್ಜೆಯ ಹೊಸ ಆಯಿಲ್‌ನ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು, ಆದರೆ ಗಾಳಿಯ ತೇವ ಹೀರಿಕೊಂಡ ಹಳೆಯ ಆಯಿಲ್‌ನಲ್ಲಿ ಅದು 155 ಡಿಗ್ರಿಯವರೆಗೂ ಇಳಿಯಬಹುದು. ಕುದಿದ ಆಯಿಲ್‌ನಲ್ಲಿ ಆವಿಯ ಗುಳ್ಳೆಗಳು ತುಂಬಿಕೊಂಡರೆ ಪೆಡಲ್ ಮೆತ್ತಗೆ ಕೆಳಗಿಳಿಯುತ್ತದೆ, ಕಾರು ನಿಲ್ಲುವುದಿಲ್ಲ. ಮಲೆನಾಡಿನ ಮಳೆಯಲ್ಲಿ ಓಡಾಡುವ ಕಾರುಗಳಿಗೆ ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸುವುದು ಅನಗತ್ಯ ಖರ್ಚಲ್ಲ.

ಇಳಿಯುವ ಕ್ರಮ ಹೀಗಿರಲಿ. ಇಳಿಜಾರು ಆರಂಭವಾಗುವ ಮೊದಲೇ, ಅದೇ ಘಾಟಿಯನ್ನು ಏರಲು ಯಾವ ಗೇರ್ ಬೇಕಾಗುತ್ತಿತ್ತೋ ಆ ಗೇರಿಗೆ ಬರಬೇಕು. ಆಗುಂಬೆಯ ಹೇರ್‌ಪಿನ್ ತಿರುವುಗಳಿಗೆ ಸಾಮಾನ್ಯವಾಗಿ ಎರಡನೆಯದು, ಅಗಲವಾದ ಇಳಿಜಾರುಗಳಿಗೆ ಮೂರನೆಯದು. ಪೆಟ್ರೋಲ್ ಎಂಜಿನ್ನಿಗಿಂತ ಡೀಸೆಲ್ ಎಂಜಿನ್ನಿನ ಹಿಡಿತ ಸಡಿಲವಾಗಿರುತ್ತದೆಯಾದ್ದರಿಂದ ಅಲ್ಲಿ ಒಂದು ಗೇರ್ ಕಡಿಮೆಯಿದ್ದರೂ ತಪ್ಪಿಲ್ಲ. ಆ ಗೇರಿನಲ್ಲೂ ವೇಗ ಏರುತ್ತಿದ್ದರೆ ಬ್ರೇಕನ್ನು ಹಗುರವಾಗಿ ಒತ್ತಿಕೊಂಡೇ ಇರುವ ಬದಲು, ಗಟ್ಟಿಯಾಗಿ ಒತ್ತಿ ವೇಗ ಇಳಿಸಿ ಪೂರ್ತಿ ಬಿಡಬೇಕು, ಬಿಟ್ಟಷ್ಟು ಹೊತ್ತು ಬ್ರೇಕುಗಳು ಆರುತ್ತವೆ. ಎಂಜಿನ್ 3,000 ಆರ್‌ಪಿಎಂ ದಾಟಿ ಕೂಗತೊಡಗಿದಾಗ ಗಾಬರಿಯಾಗಿ ಮೇಲಿನ ಗೇರಿಗೆ ಹೋಗುವವರಿದ್ದಾರೆ. ಆ ಸದ್ದು ಇಂಧನ ಉರಿಯುವ ಸದ್ದಲ್ಲ, ಬರೀ ಗಾಳಿಯನ್ನು ನೂಕುವ ಸದ್ದು. ಮೀಟರಿನ ಕೆಂಪು ಗೆರೆಯಿಂದ ದೂರವಿರುವ ತನಕ ಎಂಜಿನ್ನಿಗೆ ಅದರಿಂದ ಹಾನಿಯಿಲ್ಲ. ಇಕ್ಕಟ್ಟಾದ ಕಡೆ ಏರಿ ಬರುವ ವಾಹನಕ್ಕೆ ಇಳಿಯುವವರು ದಾರಿ ಬಿಡಬೇಕೆಂಬುದು ಸಂಚಾರ ನಿಯಮ, ಥಟ್ಟನೆ ನಿಲ್ಲಿಸಿ ಬದಿಗೆ ಸರಿಯುವುದು ಗೇರಿನಲ್ಲಿರುವ ಕಾರಿಗೆ ಎಷ್ಟೋ ಸುಲಭ.

ಎಂಜಿನ್ನನ್ನೇ ಆಫ್ ಮಾಡಿ ಉರುಳಿಸುವುದಂತೂ ಸಲ್ಲದು. ಬ್ರೇಕಿಗೆ ನೆರವಾಗುವ ಬೂಸ್ಟರ್‌ನಲ್ಲಿ ಉಳಿದ ಸೆಳೆತ ಎರಡು ಮೂರು ಸಲ ಒತ್ತುವಷ್ಟರಲ್ಲಿ ಮುಗಿದು ಪೆಡಲ್ ಕಲ್ಲಾಗುತ್ತದೆ, ಪವರ್ ಸ್ಟೀರಿಂಗ್ ಭಾರವಾಗುತ್ತದೆ, ಕೀ ಹೊರಗೆಳೆದರೆ ಸ್ಟೀರಿಂಗ್ ಲಾಕ್ ಆಗಬಹುದು. ಗಾಳಿಯ ಬ್ರೇಕಿರುವ ಲಾರಿ ಬಸ್ಸುಗಳಲ್ಲಿ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಗಾಳಿ ತುಂಬುವ ಕಂಪ್ರೆಸರ್ ಓಡುವುದು ಎಂಜಿನ್ನಿನಿಂದ. ಎಂಜಿನ್ನಿನ ಹೊಗೆಯ ದಾರಿಯನ್ನು ತಡೆದು ವೇಗ ಇಳಿಸುವ ಎಗ್ಸಾಸ್ಟ್ ಬ್ರೇಕ್ ಕೂಡ ಗೇರಿನಲ್ಲಿದ್ದರೆ ಮಾತ್ರ ಉಪಯೋಗಕ್ಕೆ ಬರುತ್ತದೆ.

ಆಟೋಮ್ಯಾಟಿಕ್ ಕಾರುಗಳಲ್ಲಿ ಓಡುವಾಗ ಎನ್‌ಗೆ, ಅಂದರೆ ನ್ಯೂಟ್ರಲ್‌ಗೆ, ಹಾಕಬಾರದೆಂದು ಬಹುತೇಕ ಕೈಪಿಡಿಗಳೇ ಎಚ್ಚರಿಸುತ್ತವೆ. ಮ್ಯಾನುಯಲ್ ಗೇರ್‌ಬಾಕ್ಸನ್ನೇ ಯಂತ್ರ ನಡೆಸುವ ಎಎಂಟಿ ಇದ್ದರೆ ಮ್ಯಾನುಯಲ್ ಮೋಡ್‌ಗೆ ತಂದು ಕೆಳಗಿನ ಗೇರ್ ಹಿಡಿಯಬೇಕು, ಗೇರಿನ ಮೆಟ್ಟಿಲುಗಳಿಲ್ಲದ ಸಿವಿಟಿ ಮತ್ತಿತರವುಗಳಲ್ಲಿ ಎಲ್, ಎಸ್ ಅಥವಾ 2 ಎಂಬ ಸ್ಥಾನವನ್ನು ಬಳಸಬೇಕು. ಎಲೆಕ್ಟ್ರಿಕ್ ಕಾರಿನಲ್ಲಿ ನ್ಯೂಟ್ರಲ್ ಎಂದರೆ ಬ್ಯಾಟರಿಗೆ ಮರಳಬೇಕಾಗಿದ್ದ ವಿದ್ಯುತ್ತನ್ನು ಬ್ರೇಕಿನ ಶಾಖವಾಗಿ ಚೆಲ್ಲಿದಂತೆ. ಹೈಬ್ರಿಡ್ ಕಾರಿನಲ್ಲೂ ಎನ್‌ನಲ್ಲಿದ್ದಾಗ ಬ್ಯಾಟರಿ ಚಾರ್ಜ್ ಆಗುವುದಿಲ್ಲ. ಬೈಕುಗಳಲ್ಲಿ 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಎಂಬ ಹೊಗೆ ಮಾಲಿನ್ಯ ನಿಯಮ ಬಂದ ಮೇಲೆ ಇಂಜೆಕ್ಷನ್ ವ್ಯಾಪಕವಾಯಿತು. ಅದಕ್ಕೂ ಹಿಂದಿನ ಕಾರ್ಬ್ಯುರೇಟರ್ ಬೈಕಿನಲ್ಲಿ ಹಳೆಯ ತರ್ಕ ಇನ್ನೂ ಜೀವಂತವಿದ್ದರೂ, ಒದ್ದೆ ತಿರುವಿನಲ್ಲಿ ಎಂಜಿನ್ನಿನ ಹಿಡಿತವಿಲ್ಲದೆ ಎರಡು ಚಕ್ರಗಳ ಮೇಲೆ ಇಳಿಯುವುದಕ್ಕೆ ಆ ಉಳಿತಾಯ ತೀರಾ ಅಗ್ಗದ ಬೆಲೆ.

ನಿಜವಾದ ಉಳಿತಾಯವಿರುವುದು ಘಾಟಿಗಿಂತ ಹೆಚ್ಚಾಗಿ ಊರೊಳಗೆ. ದೂರದಲ್ಲಿ ಕೆಂಪು ದೀಪವೋ ರಸ್ತೆ ಉಬ್ಬೋ ಕಂಡ ಕೂಡಲೇ, ಹಿಂದೆ ಬರುವ ವಾಹನವನ್ನು ಕನ್ನಡಿಯಲ್ಲಿ ಗಮನಿಸಿ ಆಕ್ಸಿಲರೇಟರ್ ಬಿಡಬೇಕು, ಗೇರನ್ನು ಬಿಡಬಾರದು. ಆ ನೂರಿನ್ನೂರು ಮೀಟರ್ ಇಂಧನವಿಲ್ಲದೆ ಕಳೆಯುತ್ತದೆ. ಸುತ್ತು 1,000ದ ಹತ್ತಿರ ಇಳಿದಾಗ ಕ್ಲಚ್ ಒತ್ತಿದರೆ ಸಾಕು.

ಇದನ್ನೆಲ್ಲ ನಂಬಿಕೆಯ ಮೇಲೆ ಒಪ್ಪಿಕೊಳ್ಳಬೇಕಾಗಿಲ್ಲ. ಅನೇಕ ಕಾರುಗಳ ಮೀಟರಿನಲ್ಲಿ ಆ ಕ್ಷಣದ ಮೈಲೇಜ್ ತೋರಿಸುವ ಪಟ್ಟಿಯಿದೆ. ಇಳಿಜಾರಿನಲ್ಲಿ ಗೇರಿನಲ್ಲೇ ಇದ್ದು ಕಾಲು ತೆಗೆದಾಗ ಅದು ತನ್ನ ಗರಿಷ್ಠಕ್ಕೆ ಹೋಗಿ ನಿಲ್ಲುತ್ತದೆ, ಏಕೆಂದರೆ ಸೊನ್ನೆ ಇಂಧನಕ್ಕೆ ಮೈಲೇಜ್ ಲೆಕ್ಕ ಹಾಕಲು ಬರುವುದಿಲ್ಲ. ಕಾರಿನ ಕಂಪ್ಯೂಟರಿನ ಮಾಹಿತಿ ಓದಲು ಇರುವ ಒಬಿಡಿ ಪೋರ್ಟಿಗೆ ಸಿಕ್ಕಿಸುವ ಸಣ್ಣ ಸಾಧನವಿದ್ದರೆ ಗಂಟೆಗೆ ಎಷ್ಟು ಲೀಟರ್ ಎಂಬುದನ್ನು ಮೊಬೈಲಿನಲ್ಲೇ ನೋಡಬಹುದು. ಸಮತಟ್ಟಾದ, ವಾಹನಗಳಿಲ್ಲದ ಜಾಗದಲ್ಲಿ ನ್ಯೂಟ್ರಲ್‌ಗೆ ತಂದು ಎರಡನ್ನೂ ಹೋಲಿಸಬಹುದು. ಟ್ಯಾಂಕ್ ಫುಲ್ ಮಾಡಿಸಿ ಲೆಕ್ಕ ಹಾಕುವ ವಿಧಾನ ಇಲ್ಲಿ ಕೆಲಸಕ್ಕೆ ಬಾರದು, ಬಂಕಿನ ಪೈಪ್ ಒಮ್ಮೆ ಬೇಗ, ಒಮ್ಮೆ ತಡವಾಗಿ ಕಟ್ ಆಗುವ ವ್ಯತ್ಯಾಸವೇ ಅಳೆಯಬೇಕಾದ ಉಳಿತಾಯಕ್ಕಿಂತ ದೊಡ್ಡದಾಗಿರುತ್ತದೆ. ಮೀಟರನ್ನು ನೋಡಿ ಹೇಳುವ ಕೆಲಸವನ್ನು ಪಕ್ಕದ ಸೀಟಿನವರಿಗೆ ವಹಿಸಬೇಕು.