ಕ್ಯಾಂಪಿಂಗಿಗೆ ಬೈಕ್ ಕಟ್ಟುವುದು: ಸಾಫ್ಟ್ ಬ್ಯಾಗ್‌ಗಳ ಜೊತೆ ನನ್ನ ಅನುಭವ

ಟೆಂಟು, ಸ್ಲೀಪಿಂಗ್ ಬ್ಯಾಗು, ಮ್ಯಾಟು, ಒಲೆ, ನೀರು, ಬಟ್ಟೆ. ಇಷ್ಟನ್ನು ಬೈಕಿನ ಮೇಲೆ ಹೇರುವುದು ಕಷ್ಟದ ಮಾತಲ್ಲ. ಹೇರಿದ್ದು ದಿನವಿಡೀ ಕಲ್ಲುದಾರಿಯಲ್ಲಿ ಕುಲುಕಿದ ಮೇಲೂ ಬೆಳಿಗ್ಗೆ ಇಟ್ಟ ಜಾಗದಲ್ಲೇ ಕೂತಿರಬೇಕಲ್ಲ, ಕಷ್ಟ ಇರುವುದು ಅಲ್ಲಿ. ಹೊಸದಾಗಿ ಬ್ಯಾಗು ಕೊಳ್ಳುವವರು ಎಷ್ಟು ಲೀಟರ್ ಹಿಡಿಯುತ್ತದೆ, ಮಳೆ ತಡೆಯುತ್ತದೆಯೇ ಎಂದು ವಿಚಾರಿಸುತ್ತಾರೆ. ನಾನಂತೂ ಬ್ಯಾಗಿನ ಮಾತೆತ್ತುವ ಮೊದಲು ಬೈಕಿನ ಸೀಟು ಬಿಚ್ಚಿ, ಪಟ್ಟಿ ಕಟ್ಟಲು ಗಟ್ಟಿ ಆಧಾರ ಎಲ್ಲೆಲ್ಲಿದೆ ಎಂದು ನೋಡುತ್ತೇನೆ. ಆಧಾರ ಸರಿಯಿದ್ದರೆ ಸಾಧಾರಣ ಬ್ಯಾಗೂ ಅಲುಗಾಡದೆ ಕೂರುತ್ತದೆ. ಇಲ್ಲದಿದ್ದರೆ ಎಷ್ಟು ದುಬಾರಿಯದಾದರೂ ಜೋಲುತ್ತದೆ.

ಲೋಹದ ಪೆಟ್ಟಿಗೆ ಬಿಟ್ಟು ಮೆತ್ತನೆಯ ಬ್ಯಾಗನ್ನೇ ನಾನು ಹಿಡಿದುಕೊಂಡದ್ದಕ್ಕೆ ಎರಡು ಕಾರಣ. ಒಂದು ತೂಕ. ಎರಡು ಅಲ್ಯೂಮಿನಿಯಂ ಪೆಟ್ಟಿಗೆ, ಅವುಗಳ ಫ್ರೇಮು ಸೇರಿದರೆ ಸಾಮಾನು ತುಂಬುವ ಮೊದಲೇ ಹತ್ತು ಕಿಲೋ ದಾಟುವುದುಂಟು. ಇನ್ನೊಂದು ಕಾಲು. ಮಣ್ಣುದಾರಿಯಲ್ಲಿ ಬೈಕು ಮಗುಚಿದಾಗ ಪೆಟ್ಟಿಗೆಯ ಅಂಚಿನಡಿ ಕಾಲು ಸಿಕ್ಕಿಕೊಂಡರೆ ಮೂಳೆ ಉಳಿಯುವುದು ಕಷ್ಟ. ಬಟ್ಟೆಯ ಬ್ಯಾಗು ಅಷ್ಟಿಷ್ಟಾದರೂ ಬಾಗುತ್ತದೆ.

ಈಗ ಆಧಾರದ ವಿಷಯ. ಸೀಟಿನ ಕೆಳಗೆ ಅದನ್ನು ಹೊರುವ ಚೌಕಟ್ಟಾದ ಸಬ್‌ಫ್ರೇಮಿನ ಕೊಳವೆ, ಹಿಂದೆ ಕೂತವರು ಹಿಡಿದುಕೊಳ್ಳುವ ಗ್ರ್ಯಾಬ್ ರೇಲ್, ಲೋಹದ ಕ್ಯಾರಿಯರ್, ಹಿಂಬದಿ ಸವಾರನ ಫುಟ್‌ರೆಸ್ಟ್ ಬ್ರಾಕೆಟ್, ಇವು ನಂಬಬಹುದಾದ ಜಾಗಗಳು. ಪ್ಲಾಸ್ಟಿಕ್ ಪ್ಯಾನೆಲ್, ಇಂಡಿಕೇಟರಿನ ಕಾಂಡ, ನಂಬರ್ ಪ್ಲೇಟಿನ ತಗಡು ಇವಕ್ಕೆ ನಾನು ಪಟ್ಟಿ ಮುಟ್ಟಿಸುವುದಿಲ್ಲ. ಸ್ವಿಂಗ್‌ಆರ್ಮಿಗೂ ಇಲ್ಲ. ಹಿಂದಿನ ಚಕ್ರವನ್ನು ಹಿಡಿದಿರುವ ಆ ತೋಳು ಚಕ್ರದ ಜೊತೆ ಮೇಲೆ ಕೆಳಗೆ ಆಡುವುದರಿಂದ ಪ್ರತಿ ಗುಂಡಿಗೂ ಪಟ್ಟಿ ಒಮ್ಮೆ ಬಿಗಿದು ಒಮ್ಮೆ ಸಡಿಲವಾಗುತ್ತದೆ.

ನಾನು ಮಾಡಿಕೊಂಡ ಏರ್ಪಾಡು ಇಷ್ಟು. ಎರಡು ಕಡೆಯೂ ಕುಣಿಕೆ ಹೊಲಿದ ಗಿಡ್ಡ ಪಟ್ಟಿಗಳನ್ನು ಸಬ್‌ಫ್ರೇಮಿನ ನಾಲ್ಕು ಜಾಗಕ್ಕೆ ಹಾಕಿದ್ದೇನೆ. ಪಟ್ಟಿಯನ್ನು ಕೊಳವೆಗೆ ಸುತ್ತಿ, ಒಂದು ಕುಣಿಕೆಯೊಳಗಿಂದ ಇನ್ನೊಂದು ತುದಿಯನ್ನು ತೂರಿಸಿ ಎಳೆದರೆ ಅದು ಕೊಳವೆಯನ್ನು ಕಚ್ಚಿ ಹಿಡಿಯುತ್ತದೆ. ಎಳೆಯುವ ಮೊದಲು ಬೆರಳಾಡಿಸಿ ವೈರಿಂಗ್ ಆಗಲಿ ಬ್ರೇಕ್ ಪೈಪ್ ಆಗಲಿ ಒಳಗೆ ಸಿಕ್ಕಿಲ್ಲ ಎಂದು ನೋಡಿಕೊಳ್ಳಬೇಕು. ಬ್ಯಾಗಿನ ಪಟ್ಟಿ ಕಟ್ಟಲು ಹೊರಗುಳಿದ ಕುಣಿಕೆ ಸೀಟಿನ ಅಂಚಿನಿಂದ ಎರಡು ಬೆರಳು ಹೊರಬಂದಿದ್ದರೆ ಸಾಕು. ಸೀಟು ಹಾಕಿದಾಗ ಲಾಕ್ ಟಕ್ಕೆಂದು ಪೂರ್ತಿ ಬೀಳಬೇಕು. ಪಟ್ಟಿಯ ದಪ್ಪಕ್ಕೆ ಅರ್ಧ ಬಿದ್ದ ಲಾಕು ಬಹಳ ಅಪಾಯ. ಈ ಕುಣಿಕೆಗಳು ಬೈಕಿನಲ್ಲೇ ಖಾಯಂ ಇರುತ್ತವೆ. ಬಂದು ಹೋಗುವುದು ಬ್ಯಾಗ್ ಮಾತ್ರ.

ಸೀಟಿನ ಎರಡೂ ಬದಿಗೆ ಇಳಿಬಿಡುವ ಸ್ಯಾಡಲ್ ಬ್ಯಾಗಿನ ನಡುಪಟ್ಟಿಯನ್ನು ಸೀಟಿನ ಮೇಲೆ ಹಾಕುವುದಕ್ಕಿಂತ ಹಿಂದಿನ ಸೀಟಿನ ಅಡಿಯಲ್ಲಿ ಹಾಯಿಸುವುದು ವಾಸಿ, ಸೀಟೇ ಅದನ್ನು ಒತ್ತಿ ಹಿಡಿಯುತ್ತದೆ. ಕೆಳತುದಿಯನ್ನು ಫುಟ್‌ರೆಸ್ಟ್ ಬ್ರಾಕೆಟ್ಟಿಗೆ, ಮುಂದಕ್ಕೆ ಎಳೆದು ಕಟ್ಟುತ್ತೇನೆ. ಕೆಳಗೆ ಕಟ್ಟದೆ ಬಿಟ್ಟ ಬ್ಯಾಗು ತಿರುವಿನಲ್ಲಿ ಓಲಾಡಿ ಚಕ್ರದ ಕಡೆಗೇ ಹೋಗುವುದು. ಚಕ್ರಕ್ಕೂ ಬ್ಯಾಗಿಗೂ ನಡುವೆ ಸೈಡ್ ರ‍್ಯಾಕ್ ಒಂದು ಇದ್ದರೆ ಈ ಚಿಂತೆ ಬಹುಪಾಲು ಕಡಿಮೆ. ನನ್ನ ಅಭಿಪ್ರಾಯದಲ್ಲಿ ಬ್ಯಾಗಿಗೆ ಹಾಕುವ ಹಣದಲ್ಲಿ ಸ್ವಲ್ಪ ಉಳಿಸಿಯಾದರೂ ರ‍್ಯಾಕ್ ಹಾಕಿಸಬೇಕು.

ಬ್ಯಾಗು ಕೂತ ಮೇಲೆ ಅದಕ್ಕೆ ಹಳೆ ಬಟ್ಟೆ ತುಂಬಿ, ಇಬ್ಬರು ಬೈಕಿನ ಮೇಲೆ ಕೂತು ಹಿಂಭಾಗವನ್ನು ಜೋರಾಗಿ ಅದುಮಬೇಕು. ಮೂರನೆಯವರೊಬ್ಬರು ಬಗ್ಗಿ ನೋಡಲಿ: ಟೈರು, ಚೈನು, ಸೈಲೆನ್ಸರ್ ಇವುಗಳಿಂದ ಬ್ಯಾಗು ಎಷ್ಟು ದೂರ ಉಳಿಯಿತು? ನಿಂತ ಬೈಕಿನಲ್ಲಿ ಕಾಣುವ ಅಂತರ ಗುಂಡಿ ಹಾರುವಾಗ ಇರುವುದಿಲ್ಲ. ಸೈಲೆನ್ಸರಿನ ಕಡೆ ನಾನು ಕನಿಷ್ಠ ನಾಲ್ಕು ಬೆರಳು ಬಿಡುತ್ತೇನೆ, ನಡುವೆ ಲೋಹದ ಹೀಟ್ ಶೀಲ್ಡ್ ಕೂಡ ಹಾಕುತ್ತೇನೆ. ನೈಲಾನ್ ಅದರ ಬಗೆಗೆ ತಕ್ಕಂತೆ ಸುಮಾರು 220ರಿಂದ 260 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಪಿವಿಸಿ ಲೇಪನ ಅದಕ್ಕಿಂತ ಬಹಳ ಮೊದಲೇ ಮೆತ್ತಗಾಗುತ್ತದೆ. ಓಡುವಾಗ ಗಾಳಿಯಾದರೂ ತಂಪು ಮಾಡುತ್ತದೆ. ಬೈಕು ಸ್ಟಾರ್ಟಿನಲ್ಲೇ ನಿಂತಿದ್ದಾಗ ಶಾಖಕ್ಕೆ ಹೋಗಲು ದಾರಿಯಿಲ್ಲ.

ಕಟ್ಟುವುದಕ್ಕೆ ಕೈಯಲ್ಲೇ ಎಳೆದು ಬಿಗಿಯುವ ಕ್ಯಾಮ್ ಬಕಲ್ ಪಟ್ಟಿಯೇ ನನ್ನ ಆಯ್ಕೆ, ಅದೂ ಪಾಲಿಯೆಸ್ಟರಿನದು. ನೈಲಾನ್ ನೀರು ಕುಡಿದು ಹಿಗ್ಗುತ್ತದೆ, ಮಳೆಯಲ್ಲಿ ಅರ್ಧ ದಿನ ಓಡಿದರೆ ಬಿಗಿತ ಕೈಗೆ ಗೊತ್ತಾಗುವಷ್ಟು ಇಳಿದಿರುತ್ತದೆ. ಲಾರಿಗಳಿಗೆ ಹಾಕುವ, ಹಿಡಿಕೆ ಆಡಿಸಿ ಬಿಗಿಯುವ ರ‍್ಯಾಚೆಟ್ ಪಟ್ಟಿ ಬೇಡ, ಅದರ ಎಳೆತಕ್ಕೆ ಗ್ರ್ಯಾಬ್ ರೇಲ್ ಬಾಗಿದರೂ ಕೈಗೆ ಗೊತ್ತಾಗುವುದಿಲ್ಲ. ಕೊಕ್ಕೆಯಿರುವ ಬಂಜಿ ಹಗ್ಗವನ್ನಂತೂ ಹೆಚ್ಚೆಂದರೆ ಒದ್ದೆ ಟವೆಲ್ ಒಣಹಾಕಲು ಬಳಸುತ್ತೇನೆ. ಹಿಗ್ಗುವ ಹಗ್ಗ ಹೊರೆಯನ್ನು ಹಿಡಿಯುವುದಿಲ್ಲ, ಅದರ ಜೊತೆ ಕುಣಿಯುತ್ತದೆ. ಜಾರಿದ ಕೊಕ್ಕೆ ಕಣ್ಣಿಗೆ ಬಡಿದರೆ ಕಣ್ಣೇ ಹೋಗಬಹುದು.

ಗಾಳಿಗೆ ಪಟಪಟ ಬಡಿದುಕೊಳ್ಳುವ ಪಟ್ಟಿಗೆ ಮಧ್ಯದಲ್ಲಿ ಅರ್ಧ ಸುತ್ತು ತಿರುಚು ಕೊಟ್ಟರೆ ಸದ್ದು ನಿಲ್ಲುತ್ತದೆ. ಉಳಿದ ಬಾಲವನ್ನು ಸುರುಳಿ ಸುತ್ತಿ ವೆಲ್ಕ್ರೋದಲ್ಲಿ ಕಟ್ಟುವುದನ್ನು ಮಾತ್ರ ಯಾವ ಅವಸರದಲ್ಲೂ ಬಿಡುವುದಿಲ್ಲ. ಒಂದು ಸಡಿಲ ಬಾಲ ಚೈನಿಗೆ ಸಿಕ್ಕರೆ ಹಿಂದಿನ ಚಕ್ರ ಗಕ್ಕನೆ ನಿಲ್ಲಬಹುದು.

ತುಂಬುವಾಗ ಭಾರದ್ದೆಲ್ಲ ಕೆಳಗೆ ಮತ್ತು ಮುಂದೆ. ಟೂಲ್ ಕಿಟ್, ಒಲೆ, ನೀರು ಇವು ಸ್ಯಾಡಲ್ ಬ್ಯಾಗಿನಲ್ಲಿ ಸವಾರನ ಬೆನ್ನ ಕಡೆಗೆ. ಸ್ಲೀಪಿಂಗ್ ಬ್ಯಾಗು, ಬಟ್ಟೆ ಹಿಂದಿನ ಸೀಟಿನ ಮೇಲೆ ಕೂರುವ ಟೇಲ್ ಬ್ಯಾಗಿನಲ್ಲಿ. ಹಿಂದಿನ ಆಕ್ಸಲ್ ದಾಟಿ ಹೊರಗೆ ಚಾಚಿದ ತೂಕ ಏತದ ಹಾಗೆ ಮುಂದಿನ ಚಕ್ರವನ್ನು ಎತ್ತುತ್ತದೆ, ವೇಗದಲ್ಲಿ ಹ್ಯಾಂಡಲ್ ತೇಲಿದಂತಾಗುವುದು ಅದಕ್ಕೇ. ಒಂದು ಲೀಟರ್ ನೀರೆಂದರೆ ಒಂದು ಕಿಲೋ, ಹಾಗಾಗಿ ದೊಡ್ಡ ಕ್ಯಾನನ್ನು ಟೆಂಟ್ ಹಾಕುವ ಜಾಗದ ಹತ್ತಿರವೇ ತುಂಬಿಕೊಳ್ಳುತ್ತೇನೆ.

ಒಟ್ಟು ಎಷ್ಟು ಹೇರಬಹುದು ಎನ್ನುವುದು ಓನರ್ಸ್ ಮ್ಯಾನುಯಲ್‌ನಲ್ಲೇ ಇದೆ. ಅಲ್ಲಿ ಕೊಟ್ಟ ಗರಿಷ್ಠ ತೂಕದಲ್ಲಿ ಪೆಟ್ರೋಲ್ ತುಂಬಿದ ಬೈಕಿನ ತೂಕ ಕಳೆಯಿರಿ. ಗರಿಷ್ಠ 360 ಕಿಲೋ, ಬೈಕು 195 ಇದ್ದರೆ ಉಳಿದದ್ದು 165. ಹೆಲ್ಮೆಟ್, ಜಾಕೆಟ್, ಬೂಟು ಸಮೇತ ಸವಾರ 90 ಕಿಲೋ ಇದ್ದರೆ ಸಾಮಾನಿಗೆ ಸಿಗುವುದು 75. ಕ್ಯಾರಿಯರಿಗೆ ಬೇರೆಯೇ ಮಿತಿ ಇರುತ್ತದೆ, ಎಷ್ಟೋ ಬೈಕುಗಳಲ್ಲಿ ಅದು ಬರೀ ಐದರಿಂದ ಹತ್ತು ಕಿಲೋ. ಹೇರಿದ ಮೇಲೆ ಹಿಂದಿನ ಶಾಕ್ ಅಬ್ಸಾರ್ಬರಿನ ಪ್ರಿಲೋಡ್ (ಸ್ಪ್ರಿಂಗಿನ ಮೊದಲ ಬಿಗಿತ) ಹೆಚ್ಚಿಸಿ, ಟೈರಿಗೆ ಭಾರಕ್ಕೆಂದು ಹೇಳಿದಷ್ಟು ಗಾಳಿ ಹಾಕಿ, ಚೈನಿನ ಸಡಿಲ ನೋಡುತ್ತೇನೆ. ಹಿಂಭಾಗ ಕುಸಿದರೆ ಹೆಡ್‌ಲೈಟ್ ಮೇಲೆ ನೋಡುತ್ತದೆ, ಎದುರಿನವರ ಕಣ್ಣು ಕುಕ್ಕುತ್ತದೆ, ಅದನ್ನೂ ತಗ್ಗಿಸಬೇಕು.

ಟೆಂಟ್ ಎಲ್ಲದಕ್ಕಿಂತ ಮೇಲೆ, ನೀರು ಒಳಹೋಗದ ಬೇರೆ ಡ್ರೈ ಬ್ಯಾಗಿನಲ್ಲಿ. ಮಳೆಯಲ್ಲಿ ಹೋಗಿ ಇಳಿದರೆ ಉಳಿದ ಬ್ಯಾಗು ತೆರೆಯದೆ ಟೆಂಟ್ ಎಬ್ಬಿಸಬಹುದು. ಬೆಳಿಗ್ಗೆ ಒದ್ದೆ ಟೆಂಟನ್ನು ಒಣ ಬಟ್ಟೆಯ ಜೊತೆ ಸೇರಿಸುವ ಪ್ರಸಂಗವೂ ಬರುವುದಿಲ್ಲ. ಡ್ರೈ ಬ್ಯಾಗಿನ ಬಾಯಿಯನ್ನು ಗಾಳಿ ಹಿಂಡಿ ಕನಿಷ್ಠ ಮೂರು ಮಡಿಕೆ ಮಡಿಸಿದರೇನೇ ನೀರು ನಿಲ್ಲುವುದು. ಕಟ್ಟಿದ ಬ್ಯಾಗು ಬಿಚ್ಚದೆ ಸೀಟು ತೆಗೆಯಲಾಗದ ಕಾರಣ ಪಂಕ್ಚರ್ ಕಿಟ್, ಕಾಗದಪತ್ರ ಇವನ್ನು ಸೀಟಿನಡಿ ಇಡದೆ ಟ್ಯಾಂಕ್ ಬ್ಯಾಗಿಗೆ ಹಾಕಿಕೊಳ್ಳುತ್ತೇನೆ. ಟ್ಯಾಂಕ್ ಬ್ಯಾಗ್ ಇಟ್ಟ ಮೇಲೆ ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಬ್ಯಾಗು ಹಾರ್ನನ್ನಾಗಲಿ ಎಂಜಿನ್ ಆರಿಸುವ ಕಿಲ್ ಸ್ವಿಚ್ಚನ್ನಾಗಲಿ ಒತ್ತುತ್ತಿಲ್ಲ ಎಂದು ಖಚಿತ ಮಾಡಿಕೊಳ್ಳಿ.

ಕೊನೆಗೆ ಟೇಲ್ ಬ್ಯಾಗನ್ನು ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಅಲ್ಲಾಡಿಸುತ್ತೇನೆ. ಬ್ಯಾಗಷ್ಟೇ ಅಲ್ಲಾಡಿದರೆ ಬಿಚ್ಚಿ ಮತ್ತೆ ಕಟ್ಟುವುದೇ. ಅದರ ಜೊತೆ ಇಡೀ ಬೈಕು ಅಲ್ಲಾಡಿದರೆ ಸರಿಯಾಗಿದೆ. ಹೊರಟು ಇಪ್ಪತ್ತು ಮೂವತ್ತು ಕಿಲೋಮೀಟರಿಗೆ ಸಾಮಾನು ಒಳಗೊಳಗೇ ಕೆಳಗಿಳಿದು ಪಟ್ಟಿ ಸಡಿಲಾಗಿರುತ್ತದೆ. ಅಲ್ಲೊಮ್ಮೆ ನಿಲ್ಲಿಸಿ ಪ್ರತಿ ಬಕಲನ್ನೂ ಮತ್ತೆ ಎಳೆದ ಮೇಲೇ ಮುಂದಕ್ಕೆ ಹೋಗುತ್ತೇನೆ.