ಧ್ವನಿವರ್ಧಕ ಬಿಟ್ಟೆ, ಮತದಾರರ ಪಟ್ಟಿ ಹಿಡಿದೆ: ನನ್ನ ಅನುಭವ

2008, 2013, 2018, ಈ ಮೂರು ಚುನಾವಣೆಗಳಲ್ಲೂ ಕೊಡಗಿನ ಎರಡೂ ವಿಧಾನಸಭಾ ಕ್ಷೇತ್ರಗಳು ಬಿಜೆಪಿಯ ಪಾಲಾಗಿದ್ದವು. 2023ರ ಮೇ 13ರಂದು ಎರಡೂ ಕಾಂಗ್ರೆಸ್‌ಗೆ ಬಂದವು. ವಿರಾಜಪೇಟೆಯಲ್ಲಿ ಎ.ಎಸ್. ಪೊನ್ನಣ್ಣ, ಮಡಿಕೇರಿಯಲ್ಲಿ ಮಂತರ್ ಗೌಡ. ಅಂತರ ಎರಡೂ ಕಡೆ ನಾಲ್ಕು ಸಾವಿರದ ಚಿಲ್ಲರೆ. ವಿರಾಜಪೇಟೆಯ ಅಂತರದಲ್ಲಿ ಸುಮಾರು ಇನ್ನೂರು ಮತ, ಕಾಂಗ್ರೆಸ್ ಕಾರ್ಯಕರ್ತನಾಗಿ ನಾನು ನೋಡಿಕೊಂಡ ಸಿದ್ದಾಪುರದ ಕಡೆಯ ಬೂತಿನದು.

2018ರಲ್ಲಿ ಜೀಪು, ಧ್ವನಿವರ್ಧಕ, ಊಟಕ್ಕೆಂದು ನನ್ನ ಕೈಯಿಂದಲೇ ನಲವತ್ತು ಸಾವಿರದಷ್ಟು ಹೋಯಿತು. ಮೆಣಸು ಮಾರಿದ ಹಣ ಅದು. ಮತದಾನದ ಸಂಜೆ ಪಟ್ಟಿ ನೋಡಿದರೆ ನಮ್ಮವರೆಂದು ನಂಬಿದ್ದ ಅರುವತ್ತು ಮಂದಿ ಬಂದೇ ಇರಲಿಲ್ಲ. ಕಾಫಿ ಕೊಯ್ಲು ಮುಗಿದ ಮೇಲೆ ಕೆಲವರು ಊರು ಬಿಟ್ಟಿದ್ದರು, ಮಕ್ಕಳು ಬೆಂಗಳೂರು ಸೇರಿದ್ದರು. ಅವರನ್ನು ಮೊದಲೇ ವಿಚಾರಿಸದಿದ್ದುದು ನನ್ನ ತಪ್ಪು.

2023ರಲ್ಲಿ ಜನವರಿಯಲ್ಲೇ, ಕೊಯ್ಲು ನಡೆಯುತ್ತಿರುವಾಗ, ತೋಟದ ಕಾರ್ಮಿಕರ ಸಾಲುಮನೆಗಳಾದ ಲೈನ್ ಮನೆಗಳಿಗೆ ಹೋದೆ. ಕೆಲಸ ಬಿಟ್ಟ ಮೇಲೆ, ಕತ್ತಲಾಗಿ ಆನೆ ರಸ್ತೆಗಿಳಿಯುವ ಮೊದಲು, ಸಿಗುವುದು ಒಂದೇ ಗಂಟೆ. ದಿನಕ್ಕೆ ನಾಲ್ಕು ಮನೆ. ಯಾರ ಹೆಸರು ಬಿಟ್ಟುಹೋಗಿದೆ, ಯಾರು ಎಲ್ಲಿದ್ದಾರೆ, ಮೇ ತಿಂಗಳಲ್ಲಿ ಬರುತ್ತಾರೆಯೇ, ಇಷ್ಟೇ ಪ್ರಶ್ನೆ. ಹದಿನೆಂಟು ತುಂಬಿದವರಿಂದ ಪಟ್ಟಿಗೆ ಹೆಸರು ಸೇರಿಸುವ ಅರ್ಜಿ, ನಮೂನೆ 6, ತುಂಬಿಸಿದೆ. "ಪಟ್ಟಿ ಓದಿ ಚುನಾವಣೆ ಗೆದ್ದವರನ್ನು ನಾನು ಕಂಡಿಲ್ಲ ಮಾರಾಯ" ಎಂದರು ನಮ್ಮ ಹಿರಿಯ ಮುಖಂಡರು. ಪೆಟ್ರೋಲು, ಜೆರಾಕ್ಸ್, ಚಹಾ ಎಲ್ಲ ಸೇರಿ ಒಂಬತ್ತು ಸಾವಿರ ದಾಟಲಿಲ್ಲ.

ಎಂಬತ್ತು ದಾಟಿದವರು ಮನೆಯಿಂದಲೇ ಮತ ಹಾಕುವ ಅವಕಾಶ ಆ ಸಲ ಇತ್ತು. ಆದರೆ ಅದಕ್ಕೆ ಬೇಕಾದ ಅರ್ಜಿ, ನಮೂನೆ 12ಡಿ, ಕೊಡುವ ದಿನ ಮೀರಿದ್ದು ಗೊತ್ತಾಗುವಷ್ಟರಲ್ಲಿ ಮೂವರು ಅಜ್ಜಿಯಂದಿರು ಉಳಿದುಬಿಟ್ಟಿದ್ದರು. ಈಗಲೂ ಆ ನೋವಿದೆ. ನಡುವೆ ಕೊಡವ ತಕ್ಕ್, ಅರೆಭಾಷೆ, ಮಲಯಾಳದಲ್ಲಿ ಧ್ವನಿ ಸಂದೇಶ ಮಾಡಿಸಿ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿ ನೋಡಿದೆ. ತೋಟದೊಳಗೆ ನೆಟ್‌ವರ್ಕ್ ಇಲ್ಲದೆ ಅರ್ಧ ತಲುಪಲೇ ಇಲ್ಲ.

ಮತದಾರರನ್ನು ವಾಹನದಲ್ಲಿ ಕರೆತರಲು ಕಾನೂನು ಬಿಡುವುದಿಲ್ಲ. ಆದ್ದರಿಂದ ಪ್ರತಿ ಲೈನಿಗೆ ಒಬ್ಬ ಹೆಂಗಸಿಗೆ, ಬೆಳಿಗ್ಗೆಯೇ ನೆರೆಯವರನ್ನು ಜೊತೆಗೂಡಿಸಿ ನಡೆದು ಬರುವಂತೆ ಹೇಳಿದೆ. ಹನ್ನೊಂದರೊಳಗೆ ನಮ್ಮ ಮುಕ್ಕಾಲು ಪಾಲು ಮತ ಬಿದ್ದಿತ್ತು. ಮಾತು ಕೊಡದೆ ನಕ್ಕು ಕಳುಹಿಸುವ ಮನೆಗಳ ಒಲವನ್ನು ಹೇಗೆ ತಿಳಿದೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಮುಂದಿನ ಸಲಕ್ಕೂ ಅದು ಬೇಕು.

ಸಂಜೆ, ಬೂತಿನಲ್ಲಿ ಬಿದ್ದ ಒಟ್ಟು ಮತಗಳ ಲೆಕ್ಕವಿರುವ ನಮೂನೆ 17ಸಿಯ ಪ್ರತಿ ಕೈಗೆ ಬಂದಾಗ ಅದರ ಹಿಂದೆ "ಮುನ್ನಡೆ 190" ಎಂದು ಬರೆದಿಟ್ಟಿದ್ದೆ. ಎಣಿಕೆಯಲ್ಲಿ ಇನ್ನೂರು ದಾಟಿತು. ಮರುದಿನ ಅದೇ ಮುಖಂಡರು ಮನೆಗೆ ಬಂದು ನನ್ನ ಪಟ್ಟಿ ಕೇಳಿದರು. ಕೊಟ್ಟೆ, ಕೊನೆಯ ಎರಡು ಹಾಳೆ ತೆಗೆದಿಟ್ಟುಕೊಂಡು.